ಎಂಟು–ಆರರ ಧಾಟಿ

ಇಂಗ್ಲೆಂಡಿನ ಚರ್ಚುಗಳಲ್ಲಿ ಜನಸಾಮಾನ್ಯರೇ ಹಾಡುಗಾರರಾದದ್ದಕ್ಕೆ ಒಂದು ಸರಳ ಲೆಕ್ಕಾಚಾರ ಕಾರಣ. ಸ್ಟರ್ನ್‌ಹೋಲ್ಡ್, ಹಾಪ್ಕಿನ್ಸ್ ಮೊದಲಾದವರು ದಾವೀದನ ಕೀರ್ತನೆಗಳನ್ನು ಪದ್ಯಕ್ಕಿಳಿಸಿದರು. ಜಾನ್ ಡೇ 1562ರಲ್ಲಿ ಪೂರ್ಣ ಸಂಪುಟವನ್ನು ಅಚ್ಚು ಹಾಕಿದ. ಹೆಚ್ಚಿನ ಕೀರ್ತನೆಗಳಿಗೆ ಒಂದೇ ಅಳತೆ: ಎಂಟು, ಆರು, ಮತ್ತೆ ಎಂಟು, ಆರು ಉಚ್ಚಾರಾಂಶ. ಆ ಅಳತೆಯ ಒಂದೇ ಒಂದು ಧಾಟಿ ಬಾಯಿಗೆ ಬಂದರೂ ಸಾಕು, ಹತ್ತಾರು ಕೀರ್ತನೆಗಳನ್ನು ಅದರಲ್ಲೇ ಹಾಡಬಹುದು.

ಓದು ಬಾರದವರಿಗೂ ದಾರಿಯಿತ್ತು. ಚರ್ಚಿನ ಕ್ಲರ್ಕ್ ಒಂದೊಂದೇ ಸಾಲು ಹೇಳಿಕೊಡುತ್ತಿದ್ದ, ಸಭೆ ಅದನ್ನೆತ್ತಿ ಹಾಡುತ್ತಿತ್ತು. ಓಟ ಬಲು ನಿಧಾನ. ಸ್ವರದಿಂದ ಸ್ವರಕ್ಕೆ ಜಾರುವಾಗ ಒಬ್ಬೊಬ್ಬರದೂ ಒಂದೊಂದು ಬಳುಕು. ಬಲ್ಲವರು ಮೂಗು ಮುರಿದರು. ನನಗೋ ಆ ಒರಟು ಸೊಬಗೇ ಇಷ್ಟ.

1707ರಲ್ಲಿ ಐಸಾಕ್ ವಾಟ್ಸ್ ಬೈಬಲ್ಲಿನ ಕೀರ್ತನೆಗಳಾಚೆಗೆ ಸ್ವಂತ ಗೀತೆಗಳ ಸಂಕಲನ ತಂದ. ಅಳತೆಗಳನ್ನು ಮಾತ್ರ ಬಿಡಲಿಲ್ಲ. ಹೊಸ ಮಾತು ಹಳೆ ಧಾಟಿಯಲ್ಲಿ ಸಲೀಸಾಗಿ ಕೂತಿತು. ಜಾನ್ ನ್ಯೂಟನ್ನನ ‘ಅಮೇಜಿಂಗ್ ಗ್ರೇಸ್’ 1779ರಲ್ಲಿ ಅಚ್ಚಾದದ್ದೂ ಇದೇ ಎಂಟು–ಆರರಲ್ಲಿ. ನಾವೆಲ್ಲ ಗುನುಗುವ ಧಾಟಿ ಅದಕ್ಕೆ ಜೊತೆಯಾದದ್ದು 1835ರಲ್ಲಿ, ಅಮೆರಿಕದಲ್ಲಿ. ಬರೆದವನು ಆ ಧಾಟಿಯಲ್ಲಿ ಅದನ್ನು ಕೇಳಲೇ ಇಲ್ಲ. ಅಳತೆ ಗಟ್ಟಿಯಾಗಿದ್ದರೆ ಹಾಡು ತನ್ನ ಧಾಟಿಗಾಗಿ ಅರ್ಧ ಶತಮಾನ ಕಾಯಬಲ್ಲದು!