ಮೊದಲು ತೋಳಿನ ತುದಿ ನೋಡಿ

ಮಕ್ಕಳ ಚಳಿಗಾಲದ ಕೋಟು ಕೈಗೆ ಬಂದ ಕೂಡಲೇ ಹೆಚ್ಚಿನವರು ಅದನ್ನು ಹಿಸುಕಿ ನೋಡುತ್ತಾರೆ. ದಪ್ಪಗಿದ್ದರೆ ಬೆಚ್ಚಗಿರುತ್ತದೆ ಎಂಬ ಲೆಕ್ಕ. ನಾನು ಮೊದಲು ತೋಳಿನೊಳಗೆ ಬೆರಳು ತೂರಿಸುತ್ತೇನೆ. ಹೊರಬಟ್ಟೆಯ ತುದಿಯಿಂದ ತುಸು ಒಳಗೆ, ಮಣಿಕಟ್ಟನ್ನು ಮೆತ್ತಗೆ ಹಿಡಿಯುವ ಹೆಣಿಗೆಯ ಪಟ್ಟಿಯೊಂದು ಇರಬೇಕು. ಅದಿಲ್ಲದ ಕೋಟು ಎಷ್ಟೇ ದಪ್ಪಗಿರಲಿ, ಕೆನಡಾದ ವಿನಿಪೆಗ್‌ನಂಥ ಊರಿಗೆ ಆಗದು.

ವಿನಿಪೆಗ್, ಕ್ಯಾಲ್ಗರಿ, ಮಿನಿಯಾಪೊಲಿಸ್‌ಗಳಲ್ಲಿ ಈಗ ಕನ್ನಡ ಮಾತಾಡುವ ಮನೆಗಳಿವೆ. ಅಲ್ಲಿಗೆ ಹೊರಟ ಎಷ್ಟೋ ಅಪ್ಪ ಅಮ್ಮಂದಿರು ಬೆಂಗಳೂರಿನಲ್ಲೇ ಮಕ್ಕಳ ಜಾಕೆಟ್ ಕೊಂಡು ಸೂಟ್‌ಕೇಸಿಗೆ ತುಂಬುತ್ತಾರೆ. ದಯವಿಟ್ಟು ಬೇಡ. ನಮ್ಮಲ್ಲಿ ಸಿಗುವುದು ಮನಾಲಿಯ ನಾಲ್ಕು ದಿನದ ಪ್ರವಾಸಕ್ಕೆ ಹೊಲಿದದ್ದು. ವಿನಿಪೆಗ್‌ನಲ್ಲಿ ಜನವರಿಯ ಸಾಮಾನ್ಯ ರಾತ್ರಿಯೆಂದರೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಸಾಲದ್ದಕ್ಕೆ ಅದು ತಡೆಯಿಲ್ಲದ ಬಯಲು. ಗಾಳಿ ನೇರವಾಗಿ ಮೈಮೇಲೆ ಬರುತ್ತದೆ. ಗಾಳಿಯನ್ನೂ ಸೇರಿಸಿ ಲೆಕ್ಕ ಹಾಕಿದ ಚಳಿ −28ಕ್ಕೆ ಇಳಿದರೆ, ಮುಚ್ಚದ ಚರ್ಮ 10ರಿಂದ 30 ನಿಮಿಷದೊಳಗೆ ಹೆಪ್ಪುಗಟ್ಟುವ ಅಪಾಯವಿದೆ ಎಂದು ಕೆನಡಾದ ಹವಾಮಾನ ಇಲಾಖೆ ಎಚ್ಚರಿಸುತ್ತದೆ. ಅಲ್ಲಿನ ಶಾಲೆಗಳು ಬಿಡುವಿನ ವೇಳೆ ಮಕ್ಕಳನ್ನು ಒಳಗೇ ಇರಿಸಿಕೊಳ್ಳುವುದು ಹೆಚ್ಚುಕಡಿಮೆ ಆ ಗೆರೆ ಮುಟ್ಟಿದಾಗ ಮಾತ್ರ. −20 ಇದ್ದರೆ ಮಕ್ಕಳು ಎಂದಿನಂತೆ ಹೊರಗೆ ಆಡುತ್ತಾರೆ. ಹೊಸದಾಗಿ ಹೋದವರಿಗೆ ಇದು ಕ್ರೌರ್ಯವೆನಿಸುತ್ತದೆ. ನನಗೆ ಅದು ಸರಿಯಾದ ಪದ್ಧತಿ ಅನ್ನಿಸುತ್ತದೆ. ಆದರೆ ಕೋಟಿನ ಲೆಕ್ಕ ಅಲ್ಲಿಂದಲೇ ಶುರುವಾಗಬೇಕು: ಮನೆ ಬಾಗಿಲಿಂದ ಕಾರಿನ ಬಾಗಿಲಿಗೆ ನಡೆಯುವ ಮಗುವಿಗಲ್ಲ, ಹಿಮದಲ್ಲಿ ಹೊರಳಾಡುವ ಮಗುವಿಗೆ ನೀವು ಕೋಟು ಕೊಳ್ಳುತ್ತಿದ್ದೀರಿ.

ಕೋಟಿಗೆ ತನ್ನದೇ ಬಿಸಿ ಇಲ್ಲ. ಬಿಸಿ ಮಗುವಿನ ಮೈಯದು. ಆ ಬಿಸಿಯಿಂದ ಕಾದ ಗಾಳಿಯನ್ನು ಅಲುಗದಂತೆ ಹಿಡಿದಿಡುವುದಷ್ಟೇ ಕೋಟಿನ ಕೆಲಸ. ಮಲೆನಾಡಿನ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ನಡೆದವರಿಗೆ ಇದು ಗೊತ್ತು. ಕೊಪ್ಪೆಯನ್ನು ಎದೆಯ ಹತ್ತಿರ ಬಿಗಿಹಿಡಿದಷ್ಟು ಹೊತ್ತು ಬೆಚ್ಚಗೆ, ಕೈ ಬಿಟ್ಟರೆ ನಡುಕ. ಹಾಗಾಗಿ ಕಾದ ಗಾಳಿ ತಪ್ಪಿಸಿಕೊಳ್ಳುವ ಕಡೆಗಳನ್ನು ಒಂದೊಂದಾಗಿ ನೋಡಬೇಕು. ಮಣಿಕಟ್ಟು, ಕುತ್ತಿಗೆ, ಸೊಂಟ, ಮತ್ತು ಜಿಪ್ಪಿನ ಉದ್ದಕ್ಕೂ ಇರುವ ಸಂದು. ಜಿಪ್ಪಿನ ಹಿಂದೆ ಗಾಳಿ ತಡೆಯುವ ಬಟ್ಟೆಯ ಪಟ್ಟಿ ಇದೆಯೇ? ಗದ್ದದ ಬಳಿ ಜಿಪ್ಪಿನ ತುದಿಯನ್ನು ಮುಚ್ಚುವ ಮಡಿಕೆ ಇದೆಯೇ? ಸೊಂಟದ ಒಳಗೆ ಎಲಾಸ್ಟಿಕ್ಕಿನ ಸುತ್ತುಪಟ್ಟಿ ಇದೆಯೇ? ಮಗು ಹಿಮದ ಮೇಲೆ ಜಾರಿದಾಗ ಬೆನ್ನಿಗೆ ಹಿಮ ನುಗ್ಗದಂತೆ ತಡೆಯುವುದು ಆ ಪಟ್ಟಿಯೇ.

ಇಲ್ಲಿ ನಮ್ಮವರ ಹಳೆಯ ಅಭ್ಯಾಸವೊಂದರ ಬಗ್ಗೆ ನಿಷ್ಠುರವಾಗಿಯೇ ಹೇಳುತ್ತೇನೆ. ‘ಬೆಳೆಯೋ ಮಗು, ಎರಡು ವರ್ಷಕ್ಕಾದರೂ ಬರಲಿ’ ಎಂದು ಎರಡು ಅಳತೆ ದೊಡ್ಡದನ್ನು ಕೊಳ್ಳುತ್ತೇವೆ. ಶಾಲೆಯ ಯೂನಿಫಾರ್ಮಿಗೆ ಅದು ನಡೆದೀತು, ಈ ಕೋಟಿಗೆ ನಡೆಯದು. ಸಡಿಲ ಕೋಟಿನೊಳಗೆ ಮಗು ಓಡಿದಾಗಲೆಲ್ಲ ಕಾದ ಗಾಳಿ ಕೆಳಗಿನಿಂದ, ಕುತ್ತಿಗೆಯಿಂದ ಹೊರಬೀಳುತ್ತದೆ, ತಣ್ಣನೆಯದು ಒಳಗೆ ಬರುತ್ತದೆ. ತೀರಾ ಬಿಗಿಯಾದದ್ದೂ ಕೆಟ್ಟದ್ದೇ. ಒಳಗಿನ ತುಂಬುವಸ್ತು ಅಮುಕಿ ಹೋಗಿ ಗಾಳಿಗೆ ಜಾಗವೇ ಉಳಿಯುವುದಿಲ್ಲ. ಒಳಗೆ ಫ್ಲೀಸ್ ಅಂಗಿ ಹಾಕಿಸಿಯೇ ಅಳತೆ ನೋಡಿ. ಎರಡೂ ಕೈ ಮೇಲೆತ್ತಿದಾಗ ಕೋಟಿನ ಅಂಚು ಸೊಂಟದಿಂದ ಮೇಲೆ ಹೋಗಬಾರದು. ಕುಕ್ಕರಗಾಲಲ್ಲಿ ಕೂತಾಗ ಕಾಲರು ಬಾಯಿಗೆ ಬಂದು ಒತ್ತಬಾರದು. ಬೆಳವಣಿಗೆಗೆ ಬೇರೆ ಉಪಾಯವಿದೆ: ಕೆಲವು ಕಂಪನಿಗಳು ತೋಳಿನ ಒಳಗೆ ಮಡಿಕೆ ಇಟ್ಟು ಬೇರೆ ಬಣ್ಣದ ದಾರದಲ್ಲಿ ಹೊಲಿದಿರುತ್ತವೆ. ಆ ದಾರ ಬಿಚ್ಚಿದರೆ ತೋಳು ಉದ್ದವಾಗುತ್ತದೆ. ನಾಲ್ಕು ಕಾಸು ಹೆಚ್ಚಾದರೂ ಅಂಥದ್ದನ್ನೇ ತೆಗೆದುಕೊಳ್ಳಿ.

ತುಂಬುವಸ್ತುವಿನ ಚರ್ಚೆ ಎಂದಿಗೂ ಮುಗಿಯದು. ಬಾತುಕೋಳಿ, ಹೆಬ್ಬಾತುಗಳ ಎದೆಯ ಮೃದು ತುಪ್ಪುಳು, ಅಂದರೆ ಡೌನ್, ತೂಕಕ್ಕೆ ಹೋಲಿಸಿದರೆ ಅತ್ಯಂತ ಬೆಚ್ಚಗಿನದು. ಅಮೆರಿಕದ ಎಡ್ಡಿ ಬಾವರ್ 1930ರ ದಶಕದಲ್ಲಿ ಮೀನು ಹಿಡಿಯಲು ಹೋದಾಗ ಉಣ್ಣೆಯ ಕೋಟು ನೆನೆದು, ಚಳಿಗೆ ಸಿಕ್ಕಿ, ಸಾವಿನ ಹತ್ತಿರ ಹೋಗಿ ಬಂದ ಮೇಲೆ ತುಪ್ಪುಳಿನ ಜಾಕೆಟ್ ಹೊಲಿಸಿದ. 1940ರಲ್ಲಿ ಅದಕ್ಕೆ ಪೇಟೆಂಟೂ ಸಿಕ್ಕಿತು. ಇಂದಿನ ಉಬ್ಬುಬ್ಬು ಪಟ್ಟೆಗಳ ಕೋಟುಗಳೆಲ್ಲ ಆ ವಂಶದವು. ಪಟ್ಟೆ ಪಟ್ಟೆಯಾಗಿ ಹೊಲಿಯದಿದ್ದರೆ ತುಪ್ಪುಳೆಲ್ಲ ಕೆಳಗೆ ಜಾರಿ ಕೂರುತ್ತದೆ. ಆದರೆ ಮೇಲಿನ ಬಟ್ಟೆಯಿಂದ ಒಳಬಟ್ಟೆಯವರೆಗೆ ಸೂಜಿ ದಾಟಿದ ಪ್ರತಿ ಗೆರೆಯೂ ಚಳಿಯ ದಾರಿ. ಕಡಿಮೆ ಗೆರೆ ಇರುವುದನ್ನು ಆರಿಸಿ.

ಡೌನಿಗೆ ಇರುವ ಒಂದೇ ಶತ್ರು ನೀರು. −20ರಲ್ಲಿ ಹಿಮ ಪುಡಿಯಂತೆ ಒಣಗಿರುತ್ತದೆ, ಕೊಡವಿದರೆ ಉದುರುತ್ತದೆ. ಆಗ ಡೌನ್ ನೆನೆಯುವುದಿಲ್ಲ ಎಂಬ ವಾದ ನಿಜವೇ. ಆದರೆ ಮಗು ಆ ಹಿಮದ ಸಮೇತ ಬಿಸಿಯಾದ ತರಗತಿಗೆ ಬರುತ್ತದೆ. ಗೂಟಕ್ಕೆ ತೂಗುಹಾಕಿದ ಕೋಟಿನ ಮೇಲೆ ಹಿಮ ಕರಗುತ್ತದೆ, ಒದ್ದೆಯಾದ ಅದೇ ಕೋಟು ಮಧ್ಯಾಹ್ನದ ಬಿಡುವಿಗೆ ಮತ್ತೆ ಹೊರಗೆ ಹೋಗಬೇಕು. ಆದ್ದರಿಂದ ಹತ್ತು ವರ್ಷದೊಳಗಿನವರಿಗೆ ಕೃತಕ ನೂಲಿನ ತುಂಬುವಿಕೆಯೇ ಇರಲಿ. ಒದ್ದೆಯಾದರೂ ಅದು ಪೂರ್ತಿ ಕುಸಿಯುವುದಿಲ್ಲ, ಬೇಗ ಒಣಗುತ್ತದೆ. ಮಿನೆಸೊಟಾದ 3ಎಂ ಕಂಪನಿಯ ಥಿನ್ಸುಲೇಟ್, 1980ರ ದಶಕದಲ್ಲಿ ಅಮೆರಿಕದ ಸೇನೆಗಾಗಿ ಡೌನಿನ ಬದಲಿಗೆ ರೂಪುಗೊಂಡ ಪ್ರೈಮಾಲಾಫ್ಟ್, ಎರಡೂ ನಂಬಬಹುದಾದವು. ಚೀಟಿಯ ಮೇಲೆ ಅಚ್ಚಾದ ‘−30’ ಎಂಬ ಅಂಕಿಯನ್ನು ಮಾತ್ರ ಪ್ರಮಾಣ ಎಂದುಕೊಳ್ಳಬೇಡಿ. ಅದು ಸಾಮಾನ್ಯವಾಗಿ ತಯಾರಕರದೇ ಅಂದಾಜು, ಅದೂ ಓಡಾಡುತ್ತಿರುವ ಮಗುವಿಗೆ ಹೇಳಿದ್ದು. ಬಸ್ಸಿಗೆ ಕಾಯುತ್ತ ನಿಂತ ಮಗುವಿಗೆ ಅದು ಹೊಂದುವುದಿಲ್ಲ.

ಒಳಗಿನ ಬನಿಯನ್ ಹತ್ತಿಯದಾಗಿದ್ದರೆ ಇಷ್ಟೆಲ್ಲ ಆರಿಸಿದ್ದು ವ್ಯರ್ಥ. ನಮಗೆ ಹತ್ತಿಯ ಮೇಲೆ ಭಕ್ತಿ. ಆದರೆ ಹತ್ತಿ ಬೆವರನ್ನು ಹೀರಿ ಹಿಡಿದುಕೊಂಡು ಮೈಯನ್ನೇ ತಣ್ಣಗೆ ಮಾಡುತ್ತದೆ. ಮೈಗೆ ತಾಗುವ ಬಟ್ಟೆ ಮೆರಿನೊ ಉಣ್ಣೆಯದೋ ಪಾಲಿಯೆಸ್ಟರಿನದೋ ಆಗಿರಲಿ.

ಇನ್ನು ಜೀವದ ಪ್ರಶ್ನೆಯಾದ ಎರಡು ಸಂಗತಿಗಳು. ಟೋಪಿಗೆ, ಕುತ್ತಿಗೆಗೆ, ಸೊಂಟಕ್ಕೆ ಎಳೆದು ಕಟ್ಟುವ ದಾರವಿರುವ ಕೋಟು ಬೇಡ. ಆಟದ ಜಾರುಬಂಡಿಗೆ, ಶಾಲಾ ಬಸ್ಸಿನ ಬಾಗಿಲಿಗೆ ದಾರ ಸಿಕ್ಕಿಕೊಂಡು ಮಕ್ಕಳು ಸತ್ತದ್ದರಿಂದಲೇ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 1996ರಲ್ಲಿ ಅದರ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಅಜ್ಜಿ ಪ್ರೀತಿಯಿಂದ ಹೆಣೆದು ಕಳಿಸುವ ಉದ್ದ ಮಫ್ಲರಿಗೂ ಇದೇ ಮಾತು. ಅಜ್ಜಿಯಂದಿರೇ, ಅದೇ ಉಣ್ಣೆಯಲ್ಲಿ ತಲೆಯಿಂದ ಇಳಿಸಿ ಹಾಕುವ ಕೊಳವೆಯಾಕಾರದ ಕುತ್ತಿಗೆಪಟ್ಟಿ ಹೆಣೆಯಿರಿ. ಎರಡನೆಯದು ಕಾರಿನ ಮಕ್ಕಳ ಸೀಟು. ಉಬ್ಬಿದ ಕೋಟಿನ ಮೇಲೆ ಬೆಲ್ಟು ಬಿಗಿಯಾಗಿ ಕಾಣುತ್ತದೆ. ಗಾಡಿ ಡಿಕ್ಕಿಯಾದಾಗ ಕೋಟು ಅಮುಕಿ ಹೋಗಿ ಬೆಲ್ಟು ಸಡಿಲವಾಗುತ್ತದೆ. ಕೋಟು ತೆಗೆದು, ಫ್ಲೀಸಿನಲ್ಲೇ ಬೆಲ್ಟು ಹಾಕಿ, ಆಮೇಲೆ ಕೋಟನ್ನು ಮುಂದಿನಿಂದ ಹೊದಿಸಿ.

ಬಣ್ಣವನ್ನು ಮಗು ಆರಿಸಲಿ, ಆದರೆ ಬಿಳಿ, ಕಪ್ಪು, ಬೂದು ಬಿಟ್ಟು. ಡಿಸೆಂಬರಿನ ವಿನಿಪೆಗ್‌ನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗಿರುತ್ತಾನೆ. ಕಾರಿನ ದೀಪಕ್ಕೆ ಹೊಳೆಯುವ ಪಟ್ಟಿ ಬೆನ್ನಿಗೂ ತೋಳಿಗೂ ಇರಲೇಬೇಕು.

ಬೆಲೆ ಕೇಳಿ ಎದೆ ಝಲ್ಲೆಂದರೆ ಹಳೆಯ ಬಟ್ಟೆಗಳ ಅಂಗಡಿಗೆ ಹೋಗಿ. ಇನ್ನೊಬ್ಬರು ಹಾಕಿ ಬಿಟ್ಟದ್ದು ಎಂಬ ಮುಜುಗರ ಅಲ್ಲಿ ಯಾರಿಗೂ ಇಲ್ಲ, ನಿಮಗೂ ಬೇಡ. ಬೆಳೆಯುವ ಮಗು ಒಂದೇ ಚಳಿಗಾಲ ಹಾಕಿದ ಒಳ್ಳೆಯ ಕೋಟುಗಳು ಅಲ್ಲಿಗೇ ಬರುತ್ತವೆ. ಸೆಪ್ಟೆಂಬರಿನಲ್ಲೇ ಹೋಗಿ, ಮೊದಲ ಹಿಮ ಬಿದ್ದ ಮೇಲೆ ಒಳ್ಳೆಯ ಅಳತೆಗಳು ಉಳಿದಿರುವುದಿಲ್ಲ. ಜಿಪ್ಪನ್ನು ಪೂರ್ತಿ ಎಳೆದು ನೋಡಿ, ಭುಜದ ಮೇಲೆ ತುಂಬುವಸ್ತು ಚಪ್ಪಟೆಯಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಮಣಿಕಟ್ಟಿನ ಪಟ್ಟಿ ಎಳೆದರೆ ಹಿಂದಕ್ಕೆ ಬರುತ್ತದೆಯೇ ಪರೀಕ್ಷಿಸಿ. ಮೂರೂ ಸರಿಯಿದ್ದರೆ ಕಂಪನಿಯ ಹೆಸರು ನೋಡದೆ ಕೊಂಡುಕೊಳ್ಳಿ.