‘ಕ್ರೈಸ್ತರಾಗಿದ್ದೂ’: ಉತ್ತಂಗಿ ಚನ್ನಪ್ಪನವರ ಸಾಕ್ಷಿಯನ್ನು ಓದುವ ಬಗೆ

ರೆವರೆಂಡ್ ಉತ್ತಂಗಿ ಚನ್ನಪ್ಪನವರನ್ನು (1881-1962) ಕುರಿತ ಮಾತುಗಳಲ್ಲಿ ಒಂದು ವಾಕ್ಯರಚನೆ ಮತ್ತೆ ಮತ್ತೆ ಎದುರಾಗುತ್ತದೆ. ಅವರು ಕ್ರೈಸ್ತರಾಗಿದ್ದೂ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿದರು. ಪಾದ್ರಿಗಳಾಗಿದ್ದೂ ಶರಣಸಾಹಿತ್ಯಕ್ಕೆ ದುಡಿದರು. 1949ರಲ್ಲಿ, ಆಗಿನ್ನೂ ಹೈದರಾಬಾದ್ ಪ್ರಾಂತಕ್ಕೆ ಸೇರಿದ್ದ ಕಲಬುರಗಿಯಲ್ಲಿ, ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಮೆಚ್ಚುಗೆಯಿಂದಲೇ ಆಡುವ ಮಾತಿದು. ಆದರೆ ‘ಇದ್ದೂ’ ಎಂಬ ಪುಟ್ಟ ರೂಪ ಸದ್ದಿಲ್ಲದೆ ಒಂದು ತೀರ್ಮಾನವನ್ನು ಒಳಗಿಟ್ಟುಕೊಂಡಿದೆ. ಶ್ರದ್ಧೆ ಅಡ್ಡಿಯಾಗಿತ್ತು, ಅದನ್ನು ದಾಟಿ ವಿದ್ವತ್ತು ಸಾಧಿತವಾಯಿತು ಎಂಬುದೇ ಆ ತೀರ್ಮಾನ. ಇದನ್ನು ಒಪ್ಪುವುದು ಕಷ್ಟ.

ಕನ್ನಡ ಕ್ರೈಸ್ತ ಪರಿಭಾಷೆಯ ‘ಸಾಕ್ಷಿ’ ಎಂಬ ಪದವನ್ನೇ ಗಮನಿಸಬಹುದು. ವೇದಾಂತದಲ್ಲಿ ಸಾಕ್ಷಿಯೆಂದರೆ ತಾನು ಏನನ್ನೂ ಮಾಡದೆ ನೋಡುವ ಚೈತನ್ಯ. ಕ್ರೈಸ್ತರ ಸಾಕ್ಷಿ ಹಾಗಲ್ಲ. ಅವನು ಕಂಡದ್ದನ್ನು ನುಡಿಯಬೇಕು, ನುಡಿದುದಕ್ಕೆ ತಲೆಗೊಡಬೇಕು. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಸಾಕ್ಷಿಗೆ ಬಳಕೆಯಾದ ಪದವೇ ಮುಂದೆ ಹುತಾತ್ಮನಿಗೂ ಹೆಸರಾಯಿತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಾಗ ತಂದ ಪದಕ್ಕೆ ಈ ಭಾರವೆಲ್ಲ ಇತ್ತು. ಮತಾಂತರದಿಂದ ಜಾತಿಯನ್ನೂ ಕಸುಬನ್ನೂ ಕಳೆದುಕೊಂಡವರಿಗೆ ಮಿಷನ್ ಮಗ್ಗ ಹಾಕಿಸಿತು, 1865ರಿಂದ ಹೆಂಚಿನ ಕಾರ್ಖಾನೆ ನಡೆಸಿತು. ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರುವುದೂ ಅಲ್ಲಿ ವಿಶ್ವಾಸದ ಲಕ್ಷಣವೇ ಆಯಿತು. ದಿನಬಳಕೆಯ ಬದುಕಿನಲ್ಲಿ ಧರ್ಮ ಹೇಗಿರಬೇಕೆಂಬ ಪ್ರಶ್ನೆಗೆ ಇದೊಂದು ಉತ್ತರ.

ಅದೇ ಮಿಷನ್ನಿನ ಸಭಾಪಾಲಕರಾಗಿದ್ದ ಉತ್ತಂಗಿಯವರ ಉತ್ತರ ಬೇರೆಯದು. 1924ರಲ್ಲಿ ಹೊರಬಂದ ಅವರ ಸರ್ವಜ್ಞ ಸಂಪುಟದಲ್ಲಿ ಸುಮಾರು 2,000 ತ್ರಿಪದಿಗಳಿವೆ. ಹಸ್ತಪ್ರತಿಗಳಿಂದ ಮಾತ್ರ ಕೂಡಿಬರುವ ಸಾಮಗ್ರಿಯಲ್ಲ ಇದು. ಜನರ ನಾಲಗೆಯ ಮೇಲಿದ್ದುದನ್ನು ಕೇಳಿ ಬರೆದುಕೊಳ್ಳಬೇಕಿತ್ತು. ಉಪದೇಶಿಸಬೇಕಾದವನು ಕೇಳುಗನಾಗಿ ಕುಳಿತುಕೊಳ್ಳುವ ಈ ಸನ್ನಿವೇಶ ನನಗೆ ಮುಖ್ಯವೆನಿಸುತ್ತದೆ. ಸಭಾಪಾಲಕನ ನಿತ್ಯದ ಕೆಲಸವೆಂದರೆ ಮನೆ ಮನೆಗೆ ಹೋಗುವುದು, ರೋಗಿಯ ಬಳಿ ಕೂರುವುದು, ಜಗಳ ಬಿಡಿಸುವುದು. ಸರ್ವಜ್ಞನ ಲೋಕವೂ ಅದೇ: ಸಾಲ, ಊಟ, ಬೇಸಾಯ, ಗಂಡಹೆಂಡಿರ ವಿರಸ, ಕುಲದ ಸೊಕ್ಕು. ಇವುಗಳ ನಡುವೆ ದಿನ ಕಳೆಯುವವನಿಗೆ ಈ ಕವಿ ಪರಕೀಯನಾಗಬೇಕಾದ ಕಾರಣವಿಲ್ಲ. ‘ತಿರುಳ್ಗನ್ನಡದ ತಿರುಕ’ ಎಂಬ ಹೆಸರು ಅವರಿಗೆ ಒಪ್ಪಿದ್ದು ಇದರಿಂದಲೇ ಇರಬೇಕು. ತಿರಿದು ತಿನ್ನುವವನು ಕೊಡುವವನ ಬಾಗಿಲಲ್ಲಿ ನಿಲ್ಲುತ್ತಾನೆ. ಸುವಾರ್ತೆಯನ್ನು ಕೊಡಲು ಹೊರಟವರು ಬೇಡುವವರ ಹೆಸರನ್ನು ಧರಿಸಿದ್ದು ಸಣ್ಣ ಸಂಗತಿಯಲ್ಲ.

ಹಾಗೆಂದು ‘ಇದ್ದೂ’ ತೆಗೆದು ‘ಇದ್ದುದರಿಂದಲೇ’ ಎಂದು ತಿದ್ದಿದರೆ ಎಲ್ಲವೂ ನೇರವಾಗುವುದೂ ಇಲ್ಲ. ಅದೇ ಲೇಖನಿಯಿಂದ ಬಂದ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಹಿಂದೂ ಓದುಗನನ್ನು ಕ್ರಿಸ್ತನೆಡೆಗೆ ಕರೆಯುವ ಕೃತಿ. ಇಂದಿನ ಸೌಹಾರ್ದದ ಭಾಷಣಗಳಿಗೆ ಇದು ಮುಜುಗರ ತರುತ್ತದೆ. ಆದ್ದರಿಂದ ಸರ್ವಜ್ಞನನ್ನು ಸಾಹಿತ್ಯದ ಕಪಾಟಿನಲ್ಲೂ ವಿನಂತಿಯನ್ನು ಮತಪ್ರಚಾರದ ಕಪಾಟಿನಲ್ಲೂ ಇಟ್ಟು ಬಾಗಿಲು ಹಾಕುತ್ತೇವೆ. ಉತ್ತಂಗಿಯವರು ಹೀಗೆ ಹಂಚಿಕೊಂಡು ಬದುಕಲಿಲ್ಲ. ತಮಗೆ ಸತ್ಯವೆಂದು ಕಂಡದ್ದನ್ನು ಮರೆಮಾಚಲಿಲ್ಲ. ಕರೆಗೆ ಆರಿಸಿಕೊಂಡದ್ದು ಮಾತ್ರ ‘ವಿನಂತಿ’ ಎಂಬ ಪದ. ವಿನಂತಿಗೆ ಇಲ್ಲವೆನ್ನುವ ಹಕ್ಕು ಕೇಳುವವನಲ್ಲಿ ಉಳಿಯುತ್ತದೆ. ಈ ಕೃತಿಯ ವಾದವನ್ನು ಒಪ್ಪದವರೂ ಸರ್ವಜ್ಞ ಸಂಪುಟದ ಪಕ್ಕದಲ್ಲಿಟ್ಟೇ ಇದನ್ನು ಓದಬೇಕು.

ಅವರ ಶ್ರದ್ಧೆ ವಿದ್ವತ್ತಿನ ಮೇಲೆ ನೆರಳು ಚಾಚಿದ ಜಾಗವೊಂದಿದ್ದರೆ ಅದು ನಾವು ಹುಡುಕುವಲ್ಲಿ ಇಲ್ಲ. ಅನುಭವ ಮಂಟಪ ನಿಜವಾಗಿ ಇತ್ತೇ ಎಂಬ ಸಂಶಯ ಎದ್ದಾಗ ಅದರ ಐತಿಹಾಸಿಕತೆಯನ್ನು ಸಮರ್ಥಿಸಲು ಅವರು ಪುಸ್ತಕವನ್ನೇ ಬರೆದರು. ಲಿಂಗಾಯತ ಪರಂಪರೆಗೆ ಕ್ರೈಸ್ತರೊಬ್ಬರು ಸಲ್ಲಿಸಿದ ಸೇವೆಯೆಂದು ಇದನ್ನು ಕೊಂಡಾಡುವುದುಂಟು. ಆದರೆ ಆ ಆತಂಕದ ಬೇರು ಎಲ್ಲಿಯದು? ಪಿಲಾತನ ಅಧಿಕಾರದ ಕಾಲದಲ್ಲಿ ನಡೆದ ಒಂದು ಘಟನೆಯ ಮೇಲೆ ನಿಂತ ಧರ್ಮಕ್ಕೆ ‘ನಡೆಯಿತೇ ಇಲ್ಲವೇ’ ಎಂಬುದು ಜೀವನ್ಮರಣದ ಪ್ರಶ್ನೆ. ವಚನಗಳಿಗೆ ಹಾಗಲ್ಲ. ಮಂಟಪದ ಕಂಬಗಳು ಸಿಗದಿದ್ದರೂ ವಚನದ ನುಡಿ ತನ್ನ ಬಲದಿಂದಲೇ ನಿಲ್ಲುತ್ತದೆ. ಸಾಕ್ಷಿ ಹೇಳಿ ರೂಢಿಯಾದವರು ಶರಣರ ಪರವಾಗಿಯೂ ಸಾಕ್ಷಿ ಹೇಳಹೊರಟರು. ಶರಣರು ಅದನ್ನು ಕೇಳಿದ್ದರೇ ಎಂಬ ಪ್ರಶ್ನೆಯನ್ನು ಆ ಪುಸ್ತಕ ಎತ್ತಿಕೊಳ್ಳುವುದಿಲ್ಲ.