ಹೆಸರು ಮರೆತ ಗ್ರಂಥ, ಹೆಸರಿಲ್ಲದ ಸಂಗ್ರಾಹಕರು

ಓದಿದ ವಿಷಯವು ಮನಸ್ಸಿನಲ್ಲಿ ನಿಂತು, ಗ್ರಂಥದ ಹೆಸರೂ ಕರ್ತೃವಿನ ಹೆಸರೂ ಮರೆತುಹೋಗುವುದು ವಾಚಕರೆಲ್ಲರಿಗೂ ಪರಿಚಿತವಾದ ಸಂಗತಿಯೇ ಆಗಿದೆ. ಜನಸಾಮಾನ್ಯರ ದೇವತಾರಾಧನೆಯನ್ನು ಕುರಿತ ಒಂದು ಆಂಗ್ಲ ಗ್ರಂಥವನ್ನು ನಾನು ತಾರುಣ್ಯದಲ್ಲಿ, ಮುಖಪತ್ರವು ಹರಿದುಹೋದ ಪ್ರತಿಯಲ್ಲಿ ಓದಿದ್ದೆನು. ನೆನಪಿನಲ್ಲಿ ಉಳಿದ ಲಕ್ಷಣಗಳು ಮೂರು: ಅದು ಹಿಂದಿನ ಮುಂಬಯಿ ಇಲಾಖೆಯದು, ನಿಸರ್ಗದೇವತೆಗಳು, ರೋಗದೇವತೆಗಳು, ಪಿತೃಪೂಜೆ, ದೃಷ್ಟಿದೋಷ, ವೃಕ್ಷಸರ್ಪಪೂಜೆ ಮೊದಲಾದ ಪ್ರಕರಣಗಳುಳ್ಳದ್ದು, ಪುಟದ ಅಡಿಯಲ್ಲಿ ‘ಶಾಲಾಮಾಸ್ತರರು, ಇಂಥ ಊರು’ ಎಂಬ ಟಿಪ್ಪಣಿಗಳುಳ್ಳದ್ದು.

ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂಬ ಆರು ಪ್ರಮಾಣಗಳಲ್ಲಿ ಮುಂದುಮುಂದಿನದು ದುರ್ಬಲವೆಂದು ಮೀಮಾಂಸಕರು ನಿರ್ಣಯಿಸಿರುವರು. ಸಮಾಖ್ಯೆಯೆಂದರೆ ಹೆಸರು, ಅದೇ ಕಡೆಯದು. ಗ್ರಂಥಶೋಧನೆಗೂ ಈ ನ್ಯಾಯವು ಸಲ್ಲುತ್ತದೆ. ‘ಪಾಪ್ಯುಲರ್ ರಿಲಿಜನ್’ ಎಂಬ ಹೆಸರನ್ನು ನಂಬಿ ಹೊರಟವರಿಗೆ ಮೊದಲು ದೊರೆಯುವುದು ವಿಲಿಯಂ ಕ್ರೂಕರ 1896ರ ಗ್ರಂಥ. ಪ್ರಕರಣಗಳೇನೋ ಹೊಂದುತ್ತವೆ, ವಿಷಯವು ಮಾತ್ರ ಉತ್ತರ ಹಿಂದುಸ್ಥಾನದ್ದು. ಅನಂತರ ದೊರೆಯುವುದು ಬಿಷಪ್ ಹೆನ್ರಿ ವೈಟ್‌ಹೆಡ್ಡರು 1916ರಲ್ಲಿ ಪ್ರಕಟಿಸಿದ, ದಕ್ಷಿಣದ ಗ್ರಾಮದೇವತೆಗಳನ್ನು ಕುರಿತ ಗ್ರಂಥ. ಅದರಲ್ಲಿ ಬಲಿ ಉತ್ಸವಗಳ ವರ್ಣನೆಯುಂಟು. ನಮ್ಮ ಮಾಸ್ತರರ ಸುಳಿವಿಲ್ಲ. ಅಡಿಟಿಪ್ಪಣಿಯೆಂಬ ಲಿಂಗವನ್ನೇ ಹಿಡಿದು ನಡೆದಾಗ ಆರ್. ಇ. ಎಂಥೋವೆನ್ನರ ‘ಫೋಕ್‌ಲೋರ್ ನೋಟ್ಸ್’ ಎಂಬುದರ ಎರಡನೆಯ, ಅಂದರೆ ಕೊಂಕಣದ, ಸಂಪುಟವು ಕೈಸೇರಿತು; ಅದು 1915ರದು. ಗುಜರಾತದ ಸಂಪುಟವು ಅದಕ್ಕೆ ಒಂದು ವರ್ಷ ಹಿಂದಿನದು.

ಈ ಸಾಮಗ್ರಿಯನ್ನು ಕೂಡಿಸಿದವರು ನಾಸಿಕದ ಕಲೆಕ್ಟರರಾಗಿದ್ದು, 1909ರಲ್ಲಿ ಅಲ್ಲಿಯೇ ಗುಂಡೇಟಿನಿಂದ ಮೃತರಾದ ಸಂಸ್ಕೃತಜ್ಞ ಜ್ಯಾಕ್ಸನ್ನರು. ಪ್ರಶ್ನೆಗಳ ಪಟ್ಟಿಯು ಹಳ್ಳಿಯ ಶಾಲೆಗಳಿಗೆ ಹೋಯಿತು. ಮಾಸ್ತರರು ಉತ್ತರ ಬರೆದರು. ಎಂಥೋವೆನ್ನರು ಅವನ್ನು ವಿಂಗಡಿಸಿ ಅಚ್ಚು ಹಾಕಿಸಿದರು.

ಯಾವ ಮಾತು ಯಾವ ಊರಿನದೆಂದು ತೋರಿಸಿರುವುದು ಗ್ರಂಥದ ದೊಡ್ಡ ಗುಣ. ಉತ್ತರಗಳು ಬರುವ ಮೊದಲೇ ಕಪಾಟಿನ ಖಾನೆಗಳನ್ನು ಸಿದ್ಧಮಾಡಿಟ್ಟದ್ದು ಅದರ ದೋಷ. ನಮ್ಮ ಅಂಕೋಲೆ ಸೀಮೆಯ ಮಾಸ್ತಿಯನ್ನೇ ನೋಡಿರಿ. ಮಾಸ್ತಿಯೆಂದರೆ ಮಹಾಸತಿ. ಮಡಿದವಳಾದುದರಿಂದ ಪಿತೃಪ್ರಕರಣ, ಕಲ್ಲಿನಲ್ಲಿ ನಿಂತುದರಿಂದ ಶಿಲಾಪೂಜೆ, ಹರಕೆ ಸಲ್ಲುವುದರಿಂದ ದೇವತಾಪ್ರಕರಣ. ಹೀಗೆ ಒಬ್ಬಳೇ ತಾಯಿಯು ಮೂರು ಖಾನೆಗಳಲ್ಲಿ ಹಂಚಿಹೋಗುವಳು. ಅವಳಿಗೆ ಕೈಮುಗಿಯುವವರ ಮನಸ್ಸಿನಲ್ಲಿ ಈ ವಿಭಾಗವೇ ಇಲ್ಲ.

ಇನ್ನೊಂದು ನ್ಯೂನತೆಯು ಇದಕ್ಕಿಂತ ಗುರುತರವಾದುದು. ಮುಖಪತ್ರದಲ್ಲಿ ಅಧಿಕಾರಿಯ ಹೆಸರುಂಟು. ಅಡಿಯಲ್ಲಿ ಮಾಸ್ತರರಿಗೆ ಹುದ್ದೆಯೂ ಊರೂ ಉಂಟು, ಹೆಸರಿಲ್ಲ. ಆ ಮಾಸ್ತರರಿಗೆ ಹೇಳಿಕೊಟ್ಟ ಪೂಜಾರಿಗೆ, ಮುದುಕಿಗೆ, ಉಳುವವನಿಗೆ ಊರಿನ ಗುರುತೂ ಇಲ್ಲ. ಗ್ರಂಥವನ್ನು ಹುಡುಕುವಾಗ ಹೆಸರು ದುರ್ಬಲ ಪ್ರಮಾಣವಾದರೂ, ವಿದ್ಯೆಯ ಋಣವನ್ನು ತೀರಿಸುವಾಗ ಅದಕ್ಕಿಂತ ಪ್ರಬಲವಾದುದು ಬೇರೊಂದಿಲ್ಲ. ಹಿಲ್ಲೂರಿನಂಥ ಊರುಗಳಲ್ಲಿ ಗುನಗರ ಬಾಯಿಂದ, ಹಾಲಕ್ಕಿ ಅಜ್ಜಿಯರ ಬಾಯಿಂದ ಕೇಳಿ ಬರೆದುಕೊಳ್ಳುವ ತರುಣರು ಇಂದಿಗೂ ಉಂಟು. ಅವರು ತಮ್ಮ ಹೆಸರನ್ನು ಬರೆಯುವ ಮುಂಚೆ, ಅವರ ಒಪ್ಪಿಗೆಯನ್ನು ಪಡೆದು, ಹೇಳಿದವರ ಹೆಸರನ್ನು ಬರೆಯಲಿ. ಹಳೆಯ ಗ್ರಂಥದ ಗುಣವು ಆಗ ಉಳಿದೀತು, ದೋಷವು ನೀಗೀತು.